ಲಕೋಟೆಯಲ್ಲಿ ಏಳು ಕಾಳು

ಮಾರ್ಸ್ಡನ್ ಪಾರ್ಕ್, ಸಿಡ್ನಿ
13 ಸೆಪ್ಟೆಂಬರ್ 2025

ಪ್ರೀತಿಯ ರೊವೀನಕ್ಕ,

ನಿನ್ನ ಮೊಣಕಾಲು ಹೇಗಿದೆ? ಡಾಕ್‌ಲ್ಯಾಂಡ್ಸ್‌ನ ಗಾಳಿಯಲ್ಲಿ ಟ್ರಾಮ್ ಕಾಯುವಾಗ ಉಣ್ಣೆಯ ಪಟ್ಟಿ ಕಟ್ಟಿಕೋ, ಫ್ಯಾಷನ್ ಆಮೇಲೆ ನೋಡಿದರಾಯಿತು. ನೀನು ಫೋನ್ ಆಫ್ ಮಾಡಿ ಪ್ರಾರ್ಥನೆಯ ರಿಟ್ರೀಟಿನಲ್ಲಿ ಮೌನವ್ರತ ಹಿಡಿದಿರುವುದರಿಂದ ಈ ಪತ್ರ. ನಮ್ಮ ವಂಶದಲ್ಲಿ ಮೌನ ಇದೇ ಮೊದಲು. ಹಾಗಾಗಿ ನನಗೂ ಮಾತು ಪೂರ್ತಿ ಮುಗಿಸುವ ಯೋಗ ಬಂದಿದೆ.

ತೆನೆ ಹಬ್ಬ ಹೋದ ಭಾನುವಾರ ಆಯಿತು. ಊರಿನಲ್ಲಾದರೆ ಪಾದ್ರಿಗಳು ಆಶೀರ್ವದಿಸಿದ ಹೊಸ ಭತ್ತದ ಕಾಳು ಸುಲಿದು ಹಾಲಿಗೆ ಹಾಕಿ ಎಲ್ಲರಿಗೂ ಒಂದು ಗುಟುಕು, ಬಾರದವರಿಗೆ ಲಕೋಟೆಯಲ್ಲಿ ನಾಲ್ಕು ಕಾಳು. ಇಲ್ಲಿ ಸೆಪ್ಟೆಂಬರಿನಲ್ಲಿ ತೆನೆ ಎಲ್ಲಿಂದ ಬರಬೇಕು? ಹನ್ನೊಂದು ವರ್ಷ ಇಲ್ಲಿನ ನಮ್ಮೂರವರೆಲ್ಲ ಯಾವುದೋ ಹುಲ್ಲಿನ ಕದಿರಿನಲ್ಲೇ ಸುಧಾರಿಸಿದ್ದೇವೆ. ಈ ಸಲ ಎಂಬತ್ತು ದಾಟಿದ ಜಾಕೊಬ್ ಅಂಕಲ್, "ಸಾಯುವ ಮೊದ್ಲು ಒಂದು ನಿಜವಾದ ತೆನೆ ಮುಟ್ಬೇಕಿತ್ತು ಮಾರಾಯ" ಎಂದುಬಿಟ್ಟರು.

ಚಾಟ್ಸ್‌ವುಡ್‌ನ ಬೀಜದ ಕಂಪನಿಯಲ್ಲಿ ನನ್ನ ಘನ ಹುದ್ದೆ ಏನೆಂದು ನಿನಗೆ ಗೊತ್ತು: ಕುಲಾಂತರಿ ಬೆಳೆಗೆ ಹೆದರುವ ರೈತರ, ಗಿರಾಕಿಗಳ, ಆಫೀಸಿನ ಭಾಷೆಯಲ್ಲಿ 'ಸ್ಟೇಕ್‌ಹೋಲ್ಡರ್'ಗಳ, ಅಹವಾಲು ಕೇಳಿ ಗಂಭೀರವಾಗಿ ತಲೆದೂಗುವುದು. "ತಿನ್ನುವವರಿಗೆ ಮೊದಲು ತಿಳಿಸಬೇಕು" ಎಂಬುದು ಕಂಪನಿಯ ನೀತಿಪುಸ್ತಕದ ಮೊದಲ ಸಾಲು. ಬರೆದ ಮಹಾಶಯ ನಿನ್ನ ತಮ್ಮ. ಅದೇ ಮಹಾಶಯ, ಕಂಪನಿಯ ಗಾಜಿನ ಮನೆಯಲ್ಲಿ ಪ್ರಯೋಗ ಮುಗಿದು ಸುಡಲು ಇಟ್ಟಿದ್ದ ಕುಲಾಂತರಿ ಭತ್ತದ ಕಟ್ಟಿನಿಂದ ಮೂರು ತೆನೆ ಎತ್ತಿ ಕೋಟಿನೊಳಗೆ ಇಟ್ಟುಕೊಂಡ. ಬೂದಿಯಾಗುವುದು ಹಬ್ಬಕ್ಕಾದರೆ ಯಾರಪ್ಪನ ಗಂಟು ಹೋಯಿತು, ಎಂದು. ಜಾಕೊಬ್ ಅಂಕಲ್ ತೆನೆಯನ್ನು ಕಣ್ಣಿಗೊತ್ತಿಕೊಂಡರು. ನಲವತ್ತೊಂದು ಜನ ಹಾಲು ಕುಡಿದರು.

ಗುರುವಾರ ವೆನಿಟಾ ಹಬ್ಬದ ತೆನೆ ಇಟ್ಟಿದ್ದ ಹೂದಾನಿ ತೊಳೆಯುವಾಗ ದಂಟಿಗೆ ಅಂಟಿದ್ದ ಕಂಪನಿಯ ಹಳದಿ ಚೀಟಿ ಸಿಕ್ಕಿತು. "ಇದೆಂತ ನಂಬರ್?" ಎಂದಳು. ಹೇಳಿದೆ. ಪ್ರಯೋಗದಲ್ಲಿ ಈ ಭತ್ತದಿಂದ ಕೇಡೇನೂ ಕಂಡಿಲ್ಲ, ತಿನ್ನಲು ಅನುಮತಿ ಮಾತ್ರ ಇನ್ನೂ ಸಿಕ್ಕಿಲ್ಲ, ಎಂದು ಆಫೀಸಿನ ದನಿಯಲ್ಲೇ ವಿವರಿಸಿದೆ. "ಹಾಗಾದ್ರೆ ನಾನು ಸ್ಟೇಕ್‌ಹೋಲ್ಡರ್ ಅಲ್ವಾ, ಬರೇ ಹೆಂಡತಿಯಾ?" ಎಂದು ಕೇಳಿ ಹೂದಾನಿ ಒರೆಸತೊಡಗಿದಳು.

ನಿನ್ನೆ ಬಾಸ್‌ಗೆ ತಪ್ಪೊಪ್ಪಿಕೊಂಡೆ. ಕೆಲಸ ಉಳಿಯುತ್ತದೋ ಇಲ್ಲವೋ ಸೋಮವಾರ ಗೊತ್ತಾಗುತ್ತದೆ. ಸಂಜೆ ಹಾಲು ಕುಡಿದವರ ಮನೆಮನೆಗೂ ಹೋಗಿ ಹೇಳಿದೆ. ಕೆಲವರು ಬೈದರು, ಒಬ್ಬರು ಆಂಟಿ ಹೊಟ್ಟೆ ಮುಟ್ಟಿ ನೋಡಿಕೊಂಡರು. ಜಾಕೊಬ್ ಅಂಕಲ್ ಮಾತ್ರ, "ಕೇಳಿದ್ರೆ ತಿಂತಿದ್ದೆ. ಕೇಳ್ಲಿಲ್ಲ ಅಲ್ವಾ" ಎಂದರು. ಅಕ್ಕ, ನನ್ನ ನೀತಿಪುಸ್ತಕ ಇಪ್ಪತ್ತನಾಲ್ಕು ಪುಟ.

ನಿನ್ನ ಪ್ರಾರ್ಥನೆಯಲ್ಲಿ ಮೊಣಕಾಲಿನ ನಂತರ ನನಗೂ ಸ್ವಲ್ಪ ಜಾಗವಿರಲಿ. ವೆನಿಟಾ ನಿನ್ನ ಕ್ಷೇಮ ಕೇಳಿದಳೆಂದು ಹೇಳಲು ಹೇಳಿದ್ದಾಳೆ.

ನಿನ್ನ ತಮ್ಮ,
ಸ್ಯಾವಿಯೋ

ತಾ.ಕ.: ನಿನ್ನ ಅಂಚೆಪೆಟ್ಟಿಗೆಯಲ್ಲಿ, ಹೋದ ಸೋಮವಾರ ನಾನು ಅಂಚೆಗೆ ಹಾಕಿದ ನೀಲಿ ಲಕೋಟೆಯೂ ಇರುತ್ತದೆ. ಅದರಲ್ಲಿ ಅದೇ ತೆನೆಯ ಏಳು ಕಾಳುಗಳಿವೆ. ನಿನ್ನ ಹೆಸರು ಎಳೆಯಬಾರದೆಂದು ಬಾಸ್‌ಗೆ ಅದೊಂದನ್ನು ಹೇಳಿರಲಿಲ್ಲ, ಬರುವ ಸೋಮವಾರ ಹೇಳುತ್ತೇನೆ. ಲಕೋಟೆ ಒಡೆಯಬೇಡ, ಹಾಗೇ ಇಟ್ಟಿರು. ನಿನಗಾದರೂ ತಿನ್ನುವ ಮೊದಲೇ ತಿಳಿಸಿದ್ದೇನೆ.