ಮಂಗಳಕ್ಕನ ಅಕ್ಷರಗಳು

ಲಕ್ಷ್ಮೀಪುರಂ, ಮೈಸೂರು
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಮಂಗಳಕ್ಕಾ,

ಶರಣು. ಮಂಡಿನೋವು ಹೇಗಿದೆ? ಬೀದರಿನಲ್ಲಿ ಈಗಾಗಲೇ ಚಳಿ ಹಿಡಿದಿರಬೇಕು. ಬೆಳಿಗ್ಗೆ ತಣ್ಣೀರು ಮುಟ್ಟಬೇಡ ಎಂದರೆ ಕೇಳುವವಳಲ್ಲ ನೀನು. ಕಣ್ಣಿನ ಪೊರೆ ತೆಗೆಸಿದ ಮೇಲೆ ಭಾವನವರಿಗೆ ಪೇಪರು ಓದಲು ಆಗುತ್ತಿದೆಯೆ? ಅಪ್ಪ ಚೆನ್ನಾಗಿದ್ದಾರೆ. ಎಂಬತ್ತೆಂಟು ತುಂಬಿದರೂ ಕಾಫಿಗೆ ಸಕ್ಕರೆ ಒಂದು ಚಿಟಿಕೆ ಕಡಿಮೆಯಾದರೆ ಗೊತ್ತಾಗಿಬಿಡುತ್ತದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮುಂದೆ ಬರೆಯಲಿರುವ ಮಾತನ್ನು ಎತ್ತಿದಾಗಲೆಲ್ಲ ನೀನು ಒಲೆಯ ಮೇಲೆ ಹಾಲಿಟ್ಟಿದ್ದೀನಿ ಎಂದು ಫೋನಿಟ್ಟುಬಿಡುತ್ತೀಯ. ಅದಕ್ಕೇ ಕಾಗದ.

ದೇವರಾಜ ಮೊಹಲ್ಲಾದ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟನ್ನು ಕಳೆದ ತಿಂಗಳು ಖಾಲಿ ಮಾಡಿದೆವು. ಹದಿನಾಲ್ಕು ಯಂತ್ರಗಳಲ್ಲಿ ಮೂರು ಮಾತ್ರ ಉಳಿದಿದ್ದವು. ಹಿಂದಿನ ಕೋಣೆಯ ಬೀರುವಿನಲ್ಲಿ, ರಿಬ್ಬನ್ ಡಬ್ಬಿಗಳ ಕೆಳಗೆ, ಎಂಬತ್ತಾರರಲ್ಲಿ ಅಪ್ಪ ಮುಂಬಯಿಯಿಂದ ತರಿಸಿದ್ದ ಸ್ಪೆಕ್ಟ್ರಮ್ ಕಂಪ್ಯೂಟರ್ ಸಿಕ್ಕಿತು. ನೆನಪಿದೆಯಲ್ಲ, ಎರಡು ಅಂಗೈಯಷ್ಟು ಅಗಲ, ರಬ್ಬರಿನ ಕೀಗಳು, ಒತ್ತಿದರೆ ಎಳೆ ಬೆಂಡೆಕಾಯಿ ಅಮುಕಿದ ಹಾಗೆ. ಹೊಸ ವಿದ್ಯಾರ್ಥಿಗಳು ಬರಲಿ ಎಂದು ತರಿಸಿದ್ದು. ಬಂದವರು ನೋಡಿಕೊಂಡು ಹೋದರು, ಕಲಿತವಳು ನೀನೊಬ್ಬಳೇ. ಸಂಜೆ ಆರಕ್ಕೆ ಕೊನೆಯ ಬ್ಯಾಚು ಮುಗಿದ ಕೂಡಲೇ ಕಪ್ಪುಬಿಳುಪು ಟಿ.ವಿ.ಗೆ ವೈರು ಸಿಕ್ಕಿಸಿ ಕೂತುಬಿಡುತ್ತಿದ್ದೆ. ಪ್ರೋಗ್ರಾಮು ತುಂಬಿಟ್ಟ ಕ್ಯಾಸೆಟ್ಟು ಕಿರ್ರೆಂದು ಕಿರುಚುವಾಗ ಕೆಳಗಿನ ಊದುಬತ್ತಿ ಅಂಗಡಿಯವರು ಬೆಕ್ಕು ಹೊಡೀತೀರೇನ್ರೀ ಎಂದು ಕೂಗುತ್ತಿದ್ದರು. ಎಂಟು ಮನೆ ಉದ್ದ, ಎಂಟು ಮನೆ ಅಗಲದ ಚೌಕದಲ್ಲಿ ಒಂದೊಂದು ಕನ್ನಡ ಅಕ್ಷರ ತುಂಬಿ, ಅದನ್ನು ಅಂಕಿಗಳಾಗಿ ಬರೆದುಕೊಂಡು, ಒಂದೊಂದನ್ನೂ ನೀನು ಟೈಪ್ ಮಾಡುತ್ತಿದ್ದೆ. ‘ಣ’ದ ಹೊಟ್ಟೆ ಚೌಕ ಮೀರುತ್ತದೆ ಎಂದು ಬೈದುಕೊಳ್ಳುತ್ತಿದ್ದೆ. ಕನ್ನಡ ಟೈಪ್‌ರೈಟರಿನ ಕೀ ಎಲ್ಲಿದೆಯೋ ಅಲ್ಲೇ ಒತ್ತಿದರೆ ಅದೇ ಅಕ್ಷರ ಟಿ.ವಿ.ಯಲ್ಲಿ ಮೂಡಿದ ದಿನ ನಾವಿಬ್ಬರೂ ಊಟ ಮರೆತಿದ್ದೆವು.

ಆಮೇಲಿನದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ಎಂಬತ್ತೇಳರ ಸೆಪ್ಟೆಂಬರಿನಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಮದುವೆ ಗೊತ್ತಾದ ಹುಡುಗಿ ಅಷ್ಟು ಜನರ ಮುಂದೆ ಯಾಕೆ ನಿಲ್ಲಬೇಕು, ಪ್ರಸಾದನೇ ಹೋಗಲಿ ಎಂದರು ಅಪ್ಪ. ನಾನು ಹೋದೆ. ಹೋಗುವ ಮುಂಚೆ ಪ್ರೋಗ್ರಾಮಿನ ಮೊದಲ ಸಾಲಿನಲ್ಲಿದ್ದ ನಿನ್ನ ಹೆಸರು ತೆಗೆದು ನನ್ನದು ಹಾಕಿದೆ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಇದನ್ನು ಬರೆದವರು ಯಾರು ಎಂದು ತೀರ್ಪುಗಾರರು ಕೇಳಿದಾಗ, ನಾನೇ, ಎರಡು ತಿಂಗಳು ಹಿಡಿಯಿತು ಎಂದೆ. ಬಹುಮಾನ ಬಂತು, ಪತ್ರಿಕೆಯಲ್ಲಿ ಫೋಟೋ ಬಂತು, ಅಪ್ಪ ಕಟ್ಟು ಹಾಕಿಸಿ ಇನ್‌ಸ್ಟಿಟ್ಯೂಟಿನ ಗೋಡೆಗೆ ಹೊಡೆಸಿದರು. ಪಾಲಿಟೆಕ್ನಿಕ್ಕಿನ ಮೇಷ್ಟ್ರ ಕೆಲಸದ ಸಂದರ್ಶನದಲ್ಲೂ ಅದನ್ನೇ ಹೇಳಿಕೊಂಡೆ. ಮನೆಗೆ ಬಂದ ದಿನ ನೀನು ಕೇಳಿದ್ದು ಒಂದೇ ಮಾತು, “‘ಕ್ಷ’ ಒಡೆದು ಕಾಣ್ಲಿಲ್ಲ ತಾನೆ?” ನೀನು ಜಗಳ ಆಡಿದ್ದರೆ ಇಷ್ಟು ವರ್ಷ ಅದು ನನ್ನ ಜೊತೆ ಇರುತ್ತಿರಲಿಲ್ಲವೇನೋ.

ಬೀರುವಿನಲ್ಲಿ ಸಿಕ್ಕಿದ ಕ್ಯಾಸೆಟ್ಟಿನ ಮೇಲೆ ನಿನ್ನ ಕೈಬರಹವಿತ್ತು. ನಮ್ಮ ಕಾಲೇಜಿನಲ್ಲಿ ಸುಷ್ಮಾ ಎಂಬ ಲೆಕ್ಚರರ್ ಇದ್ದಾಳೆ. ಆಕೆ, ಇನ್ನೂ ಬೇರೆ ಬೇರೆ ಊರುಗಳ ಹತ್ತಾರು ಮಂದಿ, ಬಿಡುವಿನಲ್ಲಿ ಇಂಥ ಹಳೆಯ ಕಂಪ್ಯೂಟರುಗಳಿಗಾಗಿ ಸಾಫ್ಟ್‌ವೇರ್ ಬರೆಯುತ್ತಾರೆ. ಹಳೆಯ ಕ್ಯಾಸೆಟ್ಟಿನ ಕಿರುಚಾಟವನ್ನು ಕೇಳಿ ಮತ್ತೆ ಪ್ರೋಗ್ರಾಮು ಮಾಡಿಕೊಡುವುದೊಂದು, ಈಗಿನ ಲ್ಯಾಪ್‌ಟಾಪಿನಲ್ಲಿ ಕೂತು ಆ ಯಂತ್ರಕ್ಕೆ ಹೊಸದು ಬರೆಯಲು ಇನ್ನೊಂದು. ಎಲ್ಲವೂ ಮುಕ್ತ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಒಳಗೆ ಹೇಗಿದೆ ನೋಡಬಹುದು, ತಿದ್ದಬಹುದು. ನಮ್ಮ ಟೇಪು ಅಲ್ಲಲ್ಲಿ ಬೂಷ್ಟು ಹಿಡಿದಿತ್ತು. ಎರಡು ಸಲ ಓಡಿಸಿದರೂ ಆಗಲಿಲ್ಲ. ಸುಷ್ಮಾ ಆ ಸಾಫ್ಟ್‌ವೇರಿನ ಒಳಗೇ ಕೈಯಾಡಿಸಿ ಏನೋ ಸಡಿಲಿಸಿದಳು. ಮೂರನೆಯ ಸಲಕ್ಕೆ ಪರದೆಯ ಮೇಲೆ ‘ಅ’ ಮೂಡಿತು, ಆಮೇಲೆ ‘ಆ’. ನಿಧಾನಕ್ಕೆ, ಒಂದೊಂದೇ, ಆಗಿನ ಹಾಗೆಯೇ. ಸ್ಟಾಫ್ ರೂಮಿನಲ್ಲಿ ನಾಲ್ಕು ಜನರಿದ್ದರು, ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಈ ಅಕ್ಷರಗಳನ್ನು ತಮ್ಮ ಸಂಗ್ರಹಕ್ಕೆ ಸೇರಿಸಿದರೆ ಆ ಯಂತ್ರಗಳಿಗೆ ಬರೆಯುವ ಯಾರಾದರೂ ಕನ್ನಡ ಬಳಸಬಹುದು, ಇದುವರೆಗೆ ಅಲ್ಲಿ ಕನ್ನಡ ಇಲ್ಲ ಎಂದಳು ಸುಷ್ಮಾ. ಆಮೇಲೆ ಕೇಳಿದಳು, “ಇದನ್ನ ಬರೆದೋರು ಯಾರು ಸಾರ್?” ಅಕ್ಕಾ, ಸುಳ್ಳು ಹೇಳುವುದಿಲ್ಲ, ಆಗಲೂ ‘ನಾನೇ’ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಪರದೆಯಲ್ಲಿ ಮೊದಲ ಸಾಲು ಕಾಣುತ್ತಿತ್ತು. ನಾನು ಬದಲಿಸಿದ ಪ್ರತಿಯಲ್ಲ, ನಿನ್ನ ಮೂಲಪ್ರತಿ, ನಿನ್ನದೇ ಹೆಸರು, ೧೪ ಆಗಸ್ಟ್ ೮೭. “ನಮ್ಮಕ್ಕ,” ಎಂದೆ. ಎಲ್ಲರ ಎದುರಿಗೇ ಪ್ರದರ್ಶನದ ಕಥೆಯನ್ನೂ ಹೇಳಿದೆ. ಒಬ್ಬರು ಟೀ ತಣ್ಣಗಾಯ್ತು ಕುಡೀರಿ ಎಂದರು.

ಮನೆಗೆ ಬಂದು ಅಪ್ಪನಿಗೂ ಹೇಳಿದೆ. ಹೆಸರು ಬದಲಿಸಿದ್ದು ಅವರಿಗೆ ಗೊತ್ತಿರಲಿಲ್ಲ. ನಾವಿಬ್ಬರೂ ಸೇರಿ ಬರೆದದ್ದು ಎಂದೇ ಅಂದುಕೊಂಡಿದ್ದರಂತೆ. ಸುಷ್ಮಾ ಅದನ್ನು ಸಂಗ್ರಹಕ್ಕೆ ಹಾಕುತ್ತಾಳೆ ಎಂದು ನಾನು ಮುಂದುವರಿಸಿದಾಗ ತಡೆದು, “ಈ ಸಲವಾದ್ರೂ ಅವಳನ್ನ ಕೇಳು ಕಣೋ. ಆಗ ನಾನು ಕೇಳ್ಲಿಲ್ಲ,” ಎಂದರು.

ಹಾಗಾಗಿ ಕೇಳುತ್ತಿದ್ದೇನೆ. ತಪ್ಪು ನನ್ನದು ಅಕ್ಕಾ. ಮದುವೆ ಗೊತ್ತಾಗಿದ್ದರ ಮೇಲೂ, ಅಪ್ಪನ ಮೇಲೂ ಹಾಕಿ ಇಷ್ಟು ವರ್ಷ ತಪ್ಪಿಸಿಕೊಂಡೆ. ಕ್ಷಮಿಸು ಎನ್ನುವುದಕ್ಕೂ ನಾಚಿಕೆಯಾಗುತ್ತದೆ. ಆದರೂ ಕ್ಷಮಿಸು.

ಭಾವನವರಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಅಪ್ಪ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ.

ನಿನ್ನ ತಮ್ಮ,
ಮಹದೇವಪ್ರಸಾದ್

ವಿ.ಸೂ.: ಅಂಚೆಗೆ ಹೊರಟವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅವಸರದಲ್ಲಿ ಮುಖ್ಯವಾದದ್ದೇ ಬಿಟ್ಟಿದ್ದೆ. ಅಕ್ಷರಗಳನ್ನು ಸಂಗ್ರಹಕ್ಕೆ ಹಾಕಲು ಒಪ್ಪಿಗೆಯನ್ನು ಬರೆದವರೇ ಕೊಡಬೇಕಂತೆ, ತಮ್ಮ ಕೊಟ್ಟರೆ ನಡೆಯದು. ಬೇಡ ಎನ್ನುವುದಾದರೆ ಬೇಡ ಎಂದೇ ಬರೆ, ಟೇಪನ್ನು ನಿನಗೆ ಕಳಿಸಿಬಿಡುತ್ತೇನೆ. ಸರಿ ಎನ್ನುವುದಾದರೆ ಹೆಸರು ಹೇಗೆ ಹಾಕಬೇಕು, ತವರಿನದೋ ಗಂಡನ ಮನೆಯದೋ, ನೀನೇ ಹೇಳು. ಇನ್ನೊಂದು ವಿಷಯ. ಒತ್ತಕ್ಷರಗಳು ‘ತ’ದವರೆಗೆ ಮಾತ್ರ ಇವೆ, ಅಲ್ಲಿಗೆ ನಿನ್ನ ಮದುವೆ ಬಂತು. ಉಳಿದದ್ದನ್ನು ಬೇರೆ ಯಾರಾದರೂ ತುಂಬಬಹುದು ಎಂದಳು ಸುಷ್ಮಾ. ನಾನು ಬೇಡ ಎಂದಿದ್ದೇನೆ. ನೀನು ಬರೆಯುವವರೆಗೂ ಆ ಜಾಗ ಖಾಲಿಯೇ ಇರಲಿ.