ಮಿಡತೆಗೆ ಸೀಟು ಸಿಕ್ಕಿತು

ಏಪ್ರಿಲ್ ೧೯, ಭಾನುವಾರ

ನನ್ನ ಮುದ್ದಿನ ತಂಗಿಗೆ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೆ? ನಿನ್ನ ಎರಡು ಕಾಗದಗಳೂ ಬಂದು ಫ್ರಿಜ್ಜಿನ ಮೇಲೆ ಕೂತಿವೆ. ಪ್ರತಿ ಸಲ ಹಾಲು ತೆಗೆಯುವಾಗ ನನ್ನನ್ನೇ ನೋಡುತ್ತವೆ. ಬರೆಯಲಿಲ್ಲ ಎಂದು ಮುನಿಸಿಕೊಂಡಿದ್ದರೆ ಅದು ನ್ಯಾಯವೇ. ಫೋನಿನಲ್ಲೂ "ಎಲ್ಲ ಚೆನ್ನಾಗಿದೆ ಕಣೆ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತಿದ್ದೆ. ಏನು ಮಾಡಲಿ, ಈ ಎರಡು ಕೋಣೆಯ ಮನೆಯಲ್ಲಿ ಮಗಳ ಕಿವಿಗೆ ಬೀಳದಂತೆ ಕೆಮ್ಮಲೂ ಆಗುವುದಿಲ್ಲ. ಇವತ್ತು ನಿನ್ನ ಭಾವ ಅವಳನ್ನು ಸೂಟ್‌ಕೇಸ್ ಕೊಡಿಸಲು ಕರೆದುಕೊಂಡು ಹೋಗಿದ್ದಾರೆ. ಅವರು ಬರುವುದರೊಳಗೆ ಮುಗಿಸಬೇಕು.

ಸೂಟ್‌ಕೇಸ್ ಯಾಕೆ ಎಂದು ಕೇಳುತ್ತೀಯ. ಮಿಡತೆಗೆ ಸೀಟು ಸಿಕ್ಕಿತು. ಹುಟ್ಟಿದ ವಾರವೇ ಕಾಲು ಝಾಡಿಸುವುದು ನೋಡಿ ನೀನು ಮಿಡತೆ ಎಂದು ಕರೆದ ನನ್ನ ಮಗಳು, ಬರುವ ಸೆಪ್ಟೆಂಬರಿನಿಂದ ಬ್ಯಾಲೆ ಶಾಲೆಯ ಹಾಸ್ಟೆಲಿನಲ್ಲಿರುತ್ತಾಳೆ. ಬೆಳಿಗ್ಗೆ ಪಾಠ, ಮಧ್ಯಾಹ್ನದಿಂದ ಸಂಜೆಯವರೆಗೆ ನೃತ್ಯ. ಪ್ರಯತ್ನಪಟ್ಟ ಮಕ್ಕಳು ನೂರಾರು, ಆಯ್ಕೆಯಾದವರು ಒಂದು ತರಗತಿಯಷ್ಟು. ನಮ್ಮ ಕನ್ನಡಕದಂಗಡಿಯ ಮಾಲೀಕರು ಕೇಕ್ ತರಿಸಿ ಎಲ್ಲರಿಗೂ ಹಂಚಿದರು. ನಾನೂ ನಗುನಗುತ್ತಾ ತಿಂದೆ. ಅದು ಇನ್ನೂ ಗಂಟಲಿನಲ್ಲೇ ಇದೆ.

"ಯಾಕಕ್ಕ, ಅಷ್ಟೆಲ್ಲ ಒದ್ದಾಡಿದ್ದು ಇದಕ್ಕೇ ತಾನೆ?" ಎನ್ನುತ್ತೀಯ. ಹೌದು, ಇದಕ್ಕೇ. ಹೇಗೆ ಒದ್ದಾಡಿದೆವು ಎಂದು ನಿನಗೆ ಅರೆಬರೆ ಹೇಳಿದ್ದೇನೆ. ಇವತ್ತು ಕೂತು ಕೇಳು.

ಶುರುವಾದದ್ದು ನಮ್ಮ ಬೀದಿಯ ಕೊನೆಯ ಈಜುಕೊಳದ ಹಿಂದಿನ ಹಾಲಿನಲ್ಲಿ. ಅಲ್ಲಿ ಚಿಕ್ಕ ಮಕ್ಕಳಿಗೆ ಬ್ಯಾಲೆ ಕಲಿಸುತ್ತಿದ್ದರು. ಮನೆಯಲ್ಲಿ ಸೋಫಾದಿಂದ ಸೋಫಾಕ್ಕೆ ಹಾರುವುದು ತಪ್ಪಲಿ ಎಂದು ಸೇರಿಸಿದೆ, ಅಷ್ಟೆ. ಎರಡು ವರ್ಷ ಕಳೆದ ಮೇಲೆ ಅಲ್ಲಿನ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು, "ಇವಳು ಇಲ್ಲಿರೋ ಮಗು ಅಲ್ಲ, ದೊಡ್ಡ ಕಡೆ ತೋರಿಸಿ" ಎಂದರು. ತೋರಿಸಿದೆವು. ಊರಿನ ಆ ತುದಿಯಲ್ಲಿರುವ ನೃತ್ಯಕೇಂದ್ರದಲ್ಲಿ ಅರೆಕಾಲಿಕ ತರಬೇತಿಗೆ ತೆಗೆದುಕೊಂಡರು. ಮಾಮೂಲಿ ಶಾಲೆಗೆ ಹೋಗುತ್ತಲೇ ವಾರದಲ್ಲಿ ಎರಡು ಸಂಜೆ, ಶನಿವಾರ ಪೂರ್ತಿ ಅಲ್ಲಿಗೆ ಹೋಗಬೇಕು. ಹನ್ನೊಂದು ವರ್ಷಕ್ಕೆ ಕಾಲಿಡುವ ಹೊತ್ತಿಗೆ ದೊಡ್ಡ ಶಾಲೆಯ ಆಯ್ಕೆಗೆ ಸಿದ್ಧವಾಗಿರಬೇಕು. ಆಯ್ಕೆಯಾದರೆ ನೃತ್ಯವೇ ಬದುಕು. ಆಗದಿದ್ದರೆ ಟಾಟಾ ಹೇಳಿ ಮನೆಗೆ.

ಮಗುವನ್ನು ಅಲ್ಲಿಗೆ ಕಳಿಸುವುದು ಎಂದರೆ ಮಗುವನ್ನು ಮಾತ್ರ ಕಳಿಸುವುದಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ಅವಳ ಶೂ ನೋಡಿದ್ದೀಯಲ್ಲ, ಬಟ್ಟೆಯ ಚೀಲದ ಹಾಗೆ ಮೆತ್ತಗಿರುತ್ತದೆ. ಅದಕ್ಕೆ ಎಲಾಸ್ಟಿಕ್ ಪಟ್ಟಿಯನ್ನು ತಾಯಿಯೇ ಹೊಲಿಯಬೇಕು. ಹೊಲಿಗೆ ಒಳಗೆ ದಪ್ಪವಾದರೆ ಕಾಲು ಒತ್ತುತ್ತದೆ, ಸಡಿಲವಾದರೆ ನೆಗೆಯುವಾಗ ಹಿಮ್ಮಡಿ ಜಾರುತ್ತದೆ. ಹೊಲಿದು ಹೊಲಿದು ನನ್ನ ಬೆರಳು ಜರಡಿಯಾಗಿದೆ. ಶಾಲೆಯ ಗೇಟಿನಿಂದ ಓಡಿಸಿಕೊಂಡು ಬಸ್ಸು, ಬಸ್ಸಿನಲ್ಲೇ ಊಟದ ಡಬ್ಬಿ, ಆ ಡಬ್ಬಿಯ ಮೇಲೆಯೇ ಹೋಂವರ್ಕ್. ಅಂಗಡಿಯಲ್ಲಿ ಶನಿವಾರವೇ ಜನ ಮುಗಿಬೀಳುವುದು. ಶನಿವಾರ ಬಾರದವಳನ್ನು ಹೊಸ ಬ್ರಾಂಚಿನ ಮೇಲ್ವಿಚಾರಕಿ ಮಾಡುತ್ತಾರೆಯೇ? ನನ್ನ ಕೈಕೆಳಗೆ ಲೆನ್ಸ್ ಕೂರಿಸಲು ಕಲಿತ ಹುಡುಗಿ ಈಗ ಅಲ್ಲಿ ಕೂತಿದ್ದಾಳೆ. ಸಿಕ್ಕಿದಾಗ "ಮೇಡಂ" ಎಂದೇ ಕರೆಯುತ್ತಾಳೆ, ಒಳ್ಳೆಯವಳು. ಅದೇ ಇನ್ನೂ ಉರಿಯುತ್ತದೆ.

ನಿನ್ನ ಭಾವ ಆಂಬುಲೆನ್ಸಿನ ರಾತ್ರಿ ಪಾಳಿ ಬೇಡಿ ತೆಗೆದುಕೊಂಡರು, ನನಗೆ ತಡವಾದ ಸಂಜೆಗಳಲ್ಲಿ ಕರೆತರಲು ಯಾರಾದರೂ ಬೇಕಲ್ಲ. ನಾನು ಏಳುವಾಗ ಅವರು ಮಲಗುತ್ತಿದ್ದರು. ಒಂದೇ ಮನೆಯಲ್ಲಿ ಬಾಡಿಗೆದಾರರ ಹಾಗೆ ಇದ್ದೆವು. ಒಂದು ದಿನ ಬಾಗಿಲಲ್ಲಿ ಎದುರಾದಾಗ, "ನಮಸ್ಕಾರ, ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆ" ಎಂದರು. ನಕ್ಕೆವು. ಇಬ್ಬರೂ ಕೂಡಿ ನಕ್ಕದ್ದು ಆ ವರ್ಷ ಬಹುಶಃ ಅಷ್ಟೇ.

ನೃತ್ಯಕೇಂದ್ರದಲ್ಲಿ ತಾಯಂದಿರಿಗೆ ಓಣಿಯಂಥ ಕಾರಿಡಾರಿನಲ್ಲಿ ಒಂದು ಬೆಂಚು. ಕೋಣೆಯ ಬಾಗಿಲಿನ ಗಾಜಿಗೆ ಒಳಗಿನಿಂದ ಕಾಗದ ಅಂಟಿಸಿರುತ್ತಾರೆ, ಇಣುಕಬಾರದು. ಪಿಯಾನೊ ಕೇಳುತ್ತದೆ, ಗುರುಗಳು ಕೋಲಿನಿಂದ ನೆಲ ಕುಟ್ಟುವುದು ಕೇಳುತ್ತದೆ. ನಮ್ಮ ಮಗು ಸರಿಯಾಗಿ ಮಾಡುತ್ತಿದೆಯೋ ಬೈಸಿಕೊಳ್ಳುತ್ತಿದೆಯೋ ಹೊರಗೆ ಬಂದಾಗ ಮುಖ ನೋಡಿ ಊಹಿಸಬೇಕು. ಬೆಂಚಿನ ಮೇಲೆ ನನ್ನ ಪಕ್ಕ ಕೂರುತ್ತಿದ್ದವರಿಗೆ ನಾನು ಮನಸ್ಸಿನಲ್ಲೇ ಕೊಕ್ಕರೆ ಎಂದು ಹೆಸರಿಟ್ಟಿದ್ದೆ. ಉದ್ದ ಕಾಲು, ಸಣ್ಣ ತಲೆ, ಸದಾ ಎಲ್ಲೋ ದೂರದ ಮೀನು ನೋಡುವ ಕಣ್ಣು. ಅವರ ದೊಡ್ಡ ಮಗಳು ಆಗಲೇ ಆ ದೊಡ್ಡ ಶಾಲೆಯಲ್ಲಿದ್ದಳು, ಹಾಗಾಗಿ ಅವರಿಗೆ ಗೊತ್ತಿಲ್ಲದ ವಿಷಯವಿರಲಿಲ್ಲ.

ವರ್ಷಕ್ಕೊಮ್ಮೆ ಬಾಗಿಲು ತೆರೆಯುತ್ತಾರೆ. ಹೋದ ಡಿಸೆಂಬರಿನಲ್ಲಿ ಗೋಡೆಗೆ ಒರಗಿ ಕೂತು ನೋಡಿದೆ. ಹೇಗೆ ಹೇಳಲಿ ನಿನಗೆ? ಉಳಿದ ಮಕ್ಕಳೂ ಚೆನ್ನಾಗಿಯೇ ಮಾಡಿದರು. ಇವಳು ಕೋಣೆಯ ಮೂಲೆಯಿಂದ ಓಡಿ ಬಂದು ನೆಗೆದಳು. ಮೇಲೆ ಹೋದವಳು ಕೆಳಗೆ ಬರಲು ಮನಸ್ಸು ಮಾಡುತ್ತಿದ್ದಾಳೋ ಇಲ್ಲವೋ ಎನ್ನುವ ಹಾಗಿತ್ತು. ಇಳಿದಾಗ ಸದ್ದೇ ಇಲ್ಲ. ಗುರುಗಳು, ಬಾಯಿಬಿಟ್ಟು ಹೊಗಳದ ಹೆಂಗಸು, ಕೋಲು ಎತ್ತಿ ನನ್ನ ಕಡೆ ತೋರಿಸಿ, "ಅಮ್ಮ, ಇದನ್ನ ನಾನು ಕಲಿಸಿದ್ದಲ್ಲ" ಎಂದರು. ಹೊರಗೆ ಬಂದು ಶೌಚಾಲಯದಲ್ಲಿ ಅತ್ತೆ. ಬೆರಳು, ಶನಿವಾರ, ಬ್ರಾಂಚು, ಎಲ್ಲ ಹೋಗಲಿ ಬಿಡು ಎನಿಸಿತು. ಸುಳ್ಳು ಹೇಳುವುದಿಲ್ಲ, ಅವತ್ತು ನಾನು ರಾಣಿಯ ಹಾಗಿದ್ದೆ.

ಕೊಕ್ಕರೆ ಬಾಯಿ ತೆರೆದದ್ದು ಅದೇ ಸಂಜೆ. ನಾವು ಮಕ್ಕಳಿಗೆ ಕೋಟು ಹಾಕುತ್ತಿದ್ದೆವು. "ನಿಮ್ಮ ಮಗು ಚೆನ್ನಾಗಿ ಮಾಡುತ್ತೆ ರೀ. ಆದ್ರೆ ಅಲ್ಲಿ ಕೊನೇ ಸುತ್ತಲ್ಲಿ ಮಕ್ಕಳನ್ನ ನೋಡಲ್ಲ, ತಾಯಂದಿರನ್ನ ನೋಡ್ತಾರೆ" ಎಂದರು. ನನಗೆ ಅರ್ಥವಾಗಲಿಲ್ಲ. "ಈಗ ಎಲ್ಲ ಮಕ್ಕಳೂ ಕಡ್ಡಿ ಹಾಗೇ ಇರ್ತಾರೆ. ಮುಂದೆ ಹೇಗೆ ಬೆಳೀತಾರೆ ಅಂತ ಗೊತ್ತಾಗೋದು ತಾಯಿ ಮೈಕಟ್ಟು ನೋಡಿದ್ರೇನೇ. ಕಾಗದದಲ್ಲಿ ಎಲ್ಲೂ ಬರೆದಿರಲ್ಲ. ನೋಡ್ತಾರೆ." ಹಾಗೆ ಹೇಳುವಾಗ ಅವರ ಕಣ್ಣು ನನ್ನ ಸೊಂಟದ ಮೇಲಿತ್ತು. ಮಿಡತೆ ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದಳು, ಕಟ್ಟುವ ಕೈ ನಿಂತಿತು.

ಅಲ್ಲಿಂದ ಮನೆಯ ಹವೆಯೇ ಬದಲಾಯಿತು. ದಿನ ಬೆಳಗಾದರೆ ಬಾಗಿಲಿನ ಚೌಕಟ್ಟಿಗೆ ಬೆನ್ನು ಕೊಟ್ಟು ಎತ್ತರ ನೋಡಿಕೊಳ್ಳುವುದು. ತಟ್ಟೆ ತಳ್ಳಿ "ಸಾಕು" ಎನ್ನುವುದು. "ತಿನ್ನದೆ ಇದ್ರೆ ನೆಗೆಯೋಕೆ ಶಕ್ತಿ ಎಲ್ಲಿಂದ ಬರುತ್ತೆ?" ಎಂದು ನಾನು ಗದರುವುದು. ಒಂದು ದಿನ ಥಟ್ಟನೆ ಕೇಳಿದಳು: "ನೀನು ಚಿಕ್ಕವಳಿದ್ದಾಗ ನನ್ನ ಹಾಗೇ ತೆಳ್ಳಗಿದ್ಯಾ ಅಮ್ಮ?" ಇದ್ದೆ. ಇದ್ದೆ ಎಂದೂ ಹೇಳಿದೆ. ಅವಳ ಮುಖದಲ್ಲಿ ಮೂಡಿದ ಭಯ ನೋಡಿ, ಇರಲಿಲ್ಲ ಎನ್ನಬೇಕಿತ್ತು ಎಂದು ಹೊಳೆಯಿತು. ನಗಬೇಡ, ಆ ವಾರದಿಂದ ನಾನೂ ರಾತ್ರಿಯೂಟ ಬಿಟ್ಟೆ. ಮಗಳಿಗೆ ತಿನ್ನು ಎಂದು ಬೈಯುತ್ತಾ ತಾಯಿ ಉಪವಾಸ. ಹಿಮ್ಮಡಿ ಎತ್ತರದ ಚಪ್ಪಲಿಯನ್ನೂ ಕೊಂಡೆ. ಅದನ್ನು ಹಾಕಿಕೊಂಡು ನಡೆದರೆ, ಏಣಿ ಹತ್ತಿದ ಬಾತುಕೋಳಿಯ ಹಾಗೆ ಕಾಣುತ್ತೀಯ ಎಂದರು ನಿನ್ನ ಭಾವ.

ಮಾರ್ಚ್ ಮೊದಲ ವಾರ ಕೊನೆಯ ಸುತ್ತು. ಅದು ಬೇರೆ ಊರು, ಅಲ್ಲಿ ನಮ್ಮನ್ನು ಬಲ್ಲವರು ಯಾರೂ ಇಲ್ಲ. ನಿನ್ನ ಭಾವನಿಗೆ ರಜೆ ಸಿಗಲಿಲ್ಲ, ನಾವಿಬ್ಬರೇ ರೈಲಿನಲ್ಲಿ ಹೋದೆವು. ಮಕ್ಕಳಿಗೆ ಎದೆಯ ಮೇಲೆ ನಂಬರು ಅಂಟಿಸಿ ಒಳಗೆ ಕರೆದರು. ಮಧ್ಯಾಹ್ನ ಡಾಕ್ಟರು ಬೆನ್ನು, ಸೊಂಟ, ಪಾದ ಮುಟ್ಟಿ ನೋಡಿದರು. ಸಂಜೆ ಒಂದೊಂದು ಮಗುವನ್ನೂ ಅದರ ಜೊತೆ ಬಂದವರನ್ನೂ ಕೋಣೆಗೆ ಕರೆದು ಮಾತಾಡಿಸಿದರು. ನಮ್ಮನ್ನೂ ಕರೆದರು. ಮೂರು ವಾರ ಬಿಟ್ಟು ಆಯ್ಕೆಯ ಕಾಗದ ಬಂತು.

ಸುದ್ದಿ ಇಷ್ಟೇ. ಗುರುಗಳು ಫೋನ್ ಮಾಡಿ ಮೊದಲ ಸಲ ನಕ್ಕರು. ಕೊಕ್ಕರೆಯ ಚಿಕ್ಕ ಮಗಳಿಗೆ ಸಿಗಲಿಲ್ಲ. ಅಷ್ಟು ಉದ್ದ ಕಾಲಿನ ತಾಯಿ ಇದ್ದೂ! ಒಂದು ನಿಮಿಷ ಒಳಗೊಳಗೆ ಖುಷಿಯಾಯಿತು, ಆಮೇಲೆ ಆ ಮಗುವಿನ ಮುಖ ನೆನಪಾಗಿ ನಾಚಿಕೆಯಾಯಿತು. ಮಿಡತೆ ಈಗ ತಟ್ಟೆ ಖಾಲಿ ಮಾಡುತ್ತಾಳೆ, ಹಾಡು ಗುನುಗುತ್ತಾಳೆ. ನನ್ನ ಜೊತೆ ಮಾತ್ರ ತುಂಬ ಮರ್ಯಾದೆಯಿಂದ ಇರುತ್ತಾಳೆ. ನೀರು ಕೊಟ್ಟರೆ "ಥ್ಯಾಂಕ್ಸ್ ಅಮ್ಮ", ಬಾಗಿಲು ತೆಗೆದರೆ "ಥ್ಯಾಂಕ್ಸ್ ಅಮ್ಮ". ಮನೆಗೆ ಬಂದ ನೆಂಟರ ಮಗುವಿನ ಹಾಗೆ. ಮೊದಲಾಗಿದ್ದರೆ ಲೋಟ ಕಿತ್ತುಕೊಂಡು ಕುಡಿಯುತ್ತಿದ್ದಳು.

ಮೆಟ್ಟಿಲಲ್ಲಿ ಮಾತು ಕೇಳಿಸುತ್ತಿದೆ, ನಮ್ಮವರೇ ಇರಬೇಕು. ನಿನ್ನ ಮಂಡಿ ಬೇಗ ವಾಸಿಯಾಗಲಿ. ಎಲ್ಲಿದ್ದರೂ ತಂಪಾಗಿರು, ನೀನು ಕೈ ಹಾಕಿದ ಕೆಲಸ ಹೂವಿನಷ್ಟು ಹಗುರವಾಗಲಿ. ನನ್ನ ಆಯಸ್ಸಿನಲ್ಲಿ ಮಿಕ್ಕಿದ ಒಳ್ಳೆಯ ದಿನಗಳಿದ್ದರೆ ಅರ್ಧ ನಿನಗಿರಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಬಂದವರು ಪಕ್ಕದ ಮನೆಯವರು. ಇನ್ನೂ ಸ್ವಲ್ಪ ಹೊತ್ತಿದೆ.

ಆ ಸಂಜೆ ಕೋಣೆಯಲ್ಲಿ ಶಾಲೆಯ ಮುಖ್ಯಸ್ಥೆ, ಡಾಕ್ಟರು ಮತ್ತು ಬರೆದುಕೊಳ್ಳಲು ಒಬ್ಬರು ಇದ್ದರು. ಮುಖ್ಯಸ್ಥೆ ನನ್ನನ್ನು ತಲೆಯಿಂದ ಆ ದರಿದ್ರ ಚಪ್ಪಲಿಯವರೆಗೆ ನೋಡಿ, "ನೀವು ತಾಯಿನಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಿಡತೆ ಹೇಳಿದಳು: "ಅಲ್ಲ, ಇವರು ನಮ್ಮ ದೊಡ್ಡಮ್ಮ. ಅಮ್ಮನಿಗೆ ರಜೆ ಸಿಗಲಿಲ್ಲ." ನನ್ನ ಕೈಯಲ್ಲಿದ್ದ ಫೋನು ತೆಗೆದುಕೊಂಡು ಫೋಟೋ ತೋರಿಸಿದಳು. "ಇವರು ಅಮ್ಮ."

ನೀನು. ಹೋದ ವರ್ಷ ರೈಲು ನಿಲ್ದಾಣದಲ್ಲಿ ನಾನೇ ತೆಗೆದದ್ದು. ಬಿಳಿ ಕೋಟು, ಆ ಉದ್ದ ಕುತ್ತಿಗೆ, ಅವಳ ಹೆಗಲ ಮೇಲೆ ನಿನ್ನ ಕೈ. ಅಪ್ಪನ ಎತ್ತರವನ್ನೆಲ್ಲ ನಿನಗೆ ಬಳಿದುಕೊಟ್ಟು, ನನಗೆ ಅಮ್ಮನ ಸೊಂಟ ಉಳಿಸಿದ್ದರಲ್ಲ. ಹೋಗುವಾಗ ರೈಲಿನಲ್ಲಿ ಅವಳು ನನ್ನ ಫೋನು ಹಿಡಿದು ಕೂತಿದ್ದಳು, ಆಟ ಆಡುತ್ತಿದ್ದಾಳೆ ಎಂದುಕೊಂಡಿದ್ದೆ.

ಫೋಟೋ ಡಾಕ್ಟರ ಕೈಗೆ ಹೋಯಿತು. "ನೋಡಿ, ಮುಖಾನೂ ಅಮ್ಮಂದೇ" ಎಂದರು ಅವರು. ಮುಖ್ಯಸ್ಥೆ ನನ್ನ ಕಡೆ ತಿರುಗಿ, "ನಿಮ್ಮ ತಂಗಿ ಪುಣ್ಯವಂತೆ" ಎಂದರು.

"ಹೌದು" ಎಂದೆ.

ಇನ್ನೇನು ಹೇಳಲಿ? ನಾನೇ ತಾಯಿ ಎಂದಿದ್ದರೆ ಅವಳು ಸುಳ್ಳುಗಾರ್ತಿಯಾಗಿ ಆ ಬಾಗಿಲು ದಾಟುತ್ತಿದ್ದಳು. ವಾಪಸು ಬರುವಾಗ ರೈಲಿನಲ್ಲಿ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು: "ಬೇಜಾರಾಯ್ತಾ ಅಮ್ಮ?" ಇಲ್ಲ ಎಂದೆ. "ನೀನು ಹೇಳಿಬಿಡಲ್ಲ ಅಂತ ನಂಗೊತ್ತಿತ್ತು" ಎಂದಳು. ಪ್ರೀತಿಯಿಂದಲೇ ಹೇಳಿದಳು ಕಣೆ. ಅದನ್ನೇ ನಾನು ತಡೆದುಕೊಳ್ಳಲಾರೆ.

ನಿನ್ನ ಭಾವನಿಗೆ ಹೇಳಿದೆ. "ಆ ನಾಟಕಕ್ಕೆ ನಾನು ಬರಲ್ಲ" ಎಂದರು. ಈಗ ಸೇರಿಸುವ ದಿನ ಹಾಸ್ಟೆಲಿನವರು ತಾಯಿಯನ್ನು ನೋಡಬೇಕಂತೆ. ನಿನ್ನೆ ಮಿಡತೆ ಊಟದ ತಟ್ಟೆ ತೊಳೆದಿಟ್ಟು, "ಚಿಕ್ಕಮ್ಮನ್ನ ಕೇಳ್ತೀಯಾ ಅಮ್ಮ, ಪ್ಲೀಸ್" ಎಂದಳು. ಕೇಳುತ್ತಿದ್ದೇನೆ. ಒಲ್ಲೆ ಎನ್ನುವುದಾದರೆ ಅದನ್ನು ಅವಳಿಗೆ ನೀನೇ ಹೇಳಬೇಕು, ನನ್ನಿಂದ ಆಗದು.

ಬರುವುದಾದರೆ ಹಿಂದಿನ ದಿನವೇ ಬಾ. ಅವಳ ತುರುಬು ಕಟ್ಟುವುದು ನಿನಗೆ ಬರುವುದಿಲ್ಲ, ಬೆಳಿಗ್ಗೆ ನಾನೇ ಕಟ್ಟಿ ಕಳಿಸುತ್ತೇನೆ. ರೈಲಿನಲ್ಲಿ ನಿದ್ದೆ ಬಂದರೆ ಕಿಟಕಿಗೆ ಒರಗಲು ಬಿಡಬೇಡ, ಕೂದಲು ಏಳುತ್ತದೆ. ಅಲ್ಲಿ ತಾಯಂದಿರನ್ನು ಅದರಲ್ಲೂ ಅಳೆಯುತ್ತಾರೆ.