ಕಾಲೆತ್ತಿದ ನಾಯಿ ಮತ್ತು ಮೂರನೇ ನಂಬರು

ಪ್ಲಾಟ್ ವ್ಯಾಲಿ ವಿಶ್ವವಿದ್ಯಾಲಯದ ಮಹಿಳಾ ವಾಲಿಬಾಲ್ ತಂಡದ ಮಾನ್ಯ ಮುಖ್ಯ ತರಬೇತುದಾರರೇ,

ನಿಮ್ಮ ನಾಯಿ ನಮ್ಮೂರಿನಲ್ಲಿ ಮೂತ್ರ ಮಾಡಿದ್ದರಿಂದ ನನ್ನ ತಂಗಿಯ ಆಟ ನೋಡಲು ಬರುತ್ತಿದ್ದ ಕಾಲೇಜುಗಳೆಲ್ಲ ಬರುವುದನ್ನು ನಿಲ್ಲಿಸಿವೆ. ಇದು ನನ್ನ ದೂರು. ಇದನ್ನು ಇನ್ನೂ ಗೌರವವಾಗಿ ಹೇಗೆ ಬರೆಯಬಹುದು ಎಂದು ಬಹಳ ಯೋಚಿಸಿದೆ, ಹೊಳೆಯಲಿಲ್ಲ. ನಾನು ಓದಿದ್ದು ಆರನೇ ತರಗತಿಯವರೆಗೆ, ಅದೂ ಗ್ವಾಟೆಮಾಲಾದ ಬೆಟ್ಟದ ಮೇಲಿನ ಶಾಲೆಯಲ್ಲಿ. ಅಲ್ಲಿ ನಮಗೆ ಪತ್ರ ಬರೆಯುವುದನ್ನು ಕಲಿಸಿದ್ದರು. ನಾಯಿಯ ಮೇಲೆ ದೂರು ಬರೆಯುವುದನ್ನು ಕಲಿಸಿರಲಿಲ್ಲ. ಬಾಯಿ ಬಿಟ್ಟು ಹೇಳೋಣವೆಂದರೆ ನನಗೆ ನಾನು ಕೆಲಸ ಮಾಡುವ ಬೇಕರಿಯ ಗಿರಾಕಿಗಳ ಮುಂದೆಯೇ ಮಾತು ಹೊರಡುವುದಿಲ್ಲ. ಆದ್ದರಿಂದ ನಮ್ಮೂರು ಪ್ಲಮ್ ಫೋರ್ಕ್‌ನ ವಾರಪತ್ರಿಕೆಯ ಮೂಲಕ ಇಡೀ ನೆಬ್ರಾಸ್ಕಾದ ಮುಂದೆ ಕೇಳುತ್ತಿದ್ದೇನೆ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಒಬ್ಬ ಹುಡುಗಿ ನಿಮ್ಮ ತಂಡಕ್ಕೆ ಬರುತ್ತೇನೆಂದು ಮಾತು ಕೊಟ್ಟರೂ, ಸಹಿ ಬೀಳುವ ತನಕ ನೀವು ಅವಳ ಹೆಸರು ಹೇಳುವಂತಿಲ್ಲ. ನಿಯಮ ನಿಯಮವೇ. ಹೆಸರು ಹೇಳಲಾಗದೆ, ಸಂತೋಷ ತಡೆಯಲೂ ಆಗದೆ, ನೀವು ನಿಮ್ಮ ನಾಯಿ ಗ್ರೇವಿಯ ಕೊರಳಿಗೆ ಹಳದಿ ವಸ್ತ್ರ ಕಟ್ಟಿ ಇಂಟರ್ನೆಟ್ಟಿನಲ್ಲಿ ಒಂದು ಚಿತ್ರ ಹಾಕುತ್ತೀರಿ. ಹಳದಿ ವಸ್ತ್ರ ಎಂದರೆ ಯಾರೋ ಒಬ್ಬಳು ಬಂದಳು. ಯಾರು? ಎಲ್ಲಿಯವಳು? ಮುಂದಿನ ಸಾಲಿನಲ್ಲಿ ಸ್ಮ್ಯಾಶ್ ಹೊಡೆಯುವವಳೋ, ಲಿಫ್ಟರೋ, ಹಿಂದಿನ ಸಾಲಿನಲ್ಲಿ ನೆಲಕ್ಕೆ ಬೀಳುವ ಚೆಂಡನ್ನು ಎತ್ತುವ ಲಿಬೆರೋ? ಅದನ್ನು ನೀವು ಹೇಳುವುದಿಲ್ಲ. ಅದನ್ನು ಕಂಡುಹಿಡಿಯುವ ಜವಾಬ್ದಾರಿಯನ್ನು ಈ ರಾಜ್ಯದ ಜನತೆ ಸ್ವಂತ ಇಚ್ಛೆಯಿಂದ ವಹಿಸಿಕೊಂಡಿದೆ.

ನೀವು ಒಂದು ಬೆಳಿಗ್ಗೆ ನಮ್ಮ ಬೇಕರಿಗೆ ಬಂದು ಕೂರಬೇಕು. ಶಾಸ್ತ್ರವೇ ಬೆಳೆದುಬಿಟ್ಟಿದೆ. ಗ್ರೇವಿಯ ಮೂಗು ಯಾವ ದಿಕ್ಕಿಗಿದೆಯೋ ಹುಡುಗಿ ಆ ದಿಕ್ಕಿನವಳು. ಕಿವಿ ನೆಟ್ಟಗಿದ್ದರೆ ಸ್ಮ್ಯಾಶ್ ಹೊಡೆಯುವವಳು, ಮಲಗಿದ್ದರೆ ಹಿಂದಿನ ಸಾಲಿನವಳು. ನಾಲಿಗೆ ಹೊರಗಿದ್ದರೆ ಹೈಸ್ಕೂಲು ಮುಗಿಸಿ ನೇರ ಬರುತ್ತಾಳೆ, ಒಳಗಿದ್ದರೆ ಬೇರೆ ಕಾಲೇಜು ಬಿಟ್ಟು ಗುಟ್ಟಾಗಿ ಬರುತ್ತಿದ್ದಾಳೆ. ಈ ಶಾಸ್ತ್ರದ ಹಿರಿಯ ಪಂಡಿತರು ವರ್ಲಿನ್ ಕುಚೆರಾ. ಮೆಕ್ಕೆಜೋಳ ಬೆಳೆದು ವಯಸ್ಸಾದವರು, ಬೆಳಗಿನ ಕಾಫಿಗೆ ಬಂದರೆ ಮಧ್ಯಾಹ್ನದ ಖಾರದ ಸಾರು, ದಾಲ್ಚಿನ್ನಿ ಹಾಕಿದ ಸಿಹಿ ಬ್ರೆಡ್ಡಿನ ಸುರುಳಿ ಮುಗಿಸಿಯೇ ಏಳುವವರು. ಬಿತ್ತನೆಗೆ ಮೊದಲು ಆಕಾಶ ನೋಡುವುದಕ್ಕಿಂತ ಹೆಚ್ಚು ಶ್ರದ್ಧೆಯಿಂದ ನಿಮ್ಮ ನಾಯಿಯನ್ನು ನೋಡುತ್ತಾರೆ.

ನನ್ನ ತಂಗಿ ಆನಾಲಿ ವಾಲಿಬಾಲ್ ಹಿಡಿದದ್ದಕ್ಕೂ ಅವರೇ ಕಾರಣ. ನಿಮ್ಮ ಪಂದ್ಯದ ಟಿಕೆಟು ಸಿಗುವುದು ಎಷ್ಟು ಕಷ್ಟವೆಂದು ನಾನು ನಿಮಗೆ ಹೇಳಬೇಕಿಲ್ಲ; ಇಲ್ಲಿ ಜನ ಹೊಲದ ಜೊತೆಗೆ ಆ ಕುರ್ಚಿಗಳನ್ನೂ ಮಕ್ಕಳಿಗೆ ಬರೆದಿಡುತ್ತಾರೆ. ವರ್ಲಿನ್ ಅಜ್ಜನ ಹೆಂಡತಿ ತೀರಿಕೊಂಡ ಮೇಲೆ ಅವರ ಪಕ್ಕದ ಕುರ್ಚಿ ಖಾಲಿಯಾಯಿತು. ಅದನ್ನು ಮಾರಲು ಅವರಿಗೆ ಮನಸ್ಸಾಗಲಿಲ್ಲ. ಬೇಕರಿಯ ಮೂಲೆಯಲ್ಲಿ ಹಿಟ್ಟಿನ ಉಂಡೆಯನ್ನು ಗೋಡೆಗೆ ಬಡಿದು ಹಿಡಿಯುತ್ತಿದ್ದ ಪುಟ್ಟ ಹುಡುಗಿಯನ್ನು ಕರೆದುಕೊಂಡು ಹೋಗಿ ಅಲ್ಲಿ ಕೂರಿಸಿದರು. ಬೇರೆ ಮಕ್ಕಳು ಎತ್ತರದ ಹುಡುಗಿಯರ ಸ್ಮ್ಯಾಶ್ ನೋಡಿ ಕಿರುಚಿದರಂತೆ. ಇವಳು ನೋಡಿದ್ದು ಬೇರೆ ಬಣ್ಣದ ಅಂಗಿ ತೊಟ್ಟು ನೆಲದ ಮೇಲೆ ಜಾರಿ, ಸತ್ತೇಹೋಯಿತು ಎಂದುಕೊಂಡ ಚೆಂಡನ್ನು ಮುಷ್ಟಿಯ ಮೇಲೆ ಎತ್ತಿದ ಒಬ್ಬ ಗಿಡ್ಡ ಹುಡುಗಿಯನ್ನು. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾವ ವಸ್ತುವೂ ನೆಲಕ್ಕೆ ಬೀಳುವ ಹಾಗಿಲ್ಲ. ಚಮಚ ಜಾರಿದರೂ ಇವಳು ಹಾರುತ್ತಾಳೆ. ಈಗ ನಮ್ಮ ಹೈಸ್ಕೂಲಿನ ಲಿಬೆರೊ ಅವಳೇ. ಅಂಗಿಯ ನಂಬರು ಮೂರು. ಎತ್ತರ ಐದಡಿ ಎರಡಿಂಚು.

ಎತ್ತರದ ಮಾತು ಬಂದದ್ದರಿಂದ ಇಲ್ಲೇ ಒಂದು ಪ್ರಶ್ನೆ. ನಿಮ್ಮ ಕಚೇರಿಯವರು ಲಿಬೆರೊ ಕೂಡ ಐದಡಿ ಏಳಿಂಚು ಇದ್ದರೆ ಉತ್ತಮ ಎಂದು ಹೇಳಿಕೊಂಡು ಬರುತ್ತಿದ್ದಾರೆ. ನೆಲಕ್ಕೆ ಬೀಳುವ ಚೆಂಡನ್ನು ಎತ್ತಲು ನೆಲದಿಂದ ಅಷ್ಟು ದೂರ ಇರುವವರೇ ಏಕೆ ಬೇಕು? ಬಾವಿಯ ನೀರು ಸೇದಲು ಮಾಳಿಗೆ ಹತ್ತುತ್ತಾರೆಯೇ? ಉತ್ತರ ಬೇಡ, ಯೋಚಿಸಿದರೆ ಸಾಕು.

ಇನ್ನು ಆ ಚಿತ್ರ. ಬೇಸಿಗೆ ಮುಗಿಯುತ್ತಿದ್ದ ಒಂದು ಬೆಳಿಗ್ಗೆ ನೀವು ಗ್ರೇವಿಯ ಚಿತ್ರ ಹಾಕಿದಿರಿ. ಕೊರಳಲ್ಲಿ ಹಳದಿ ವಸ್ತ್ರ. ಹಿಂದೆ ಆಲಿಕಲ್ಲಿಗೆ ತಗ್ಗುಬಿದ್ದ, ಏಣಿ ಸೊಟ್ಟಗಾದ ಒಂದು ತಗಡಿನ ಕಣಜ. ವರ್ಲಿನ್ ಅಜ್ಜ ಕಾಫಿ ಲೋಟ ಕೆಳಗಿಟ್ಟರು. ಅವರು ಕಾಫಿ ಕೆಳಗಿಟ್ಟಿದ್ದನ್ನು ನಾನು ನೋಡಿದ್ದೇ ಅವತ್ತು.

"ಬೆವ್! ಇಲ್ ಬಾ! ಇದು ನನ್ ಕಣಜ ಕಣೇ!" ಎಂದು ಬೇಕರಿಯ ಒಡತಿಯನ್ನು ಕೂಗಿದರು. "ಹೆದ್ದಾರಿ ಪಕ್ಕದ್ದು! ಆ ಏಣಿ ನಾನೇ ಸೊಟ್ಟ ಮಾಡಿದ್ದು!"

ಬೆವ್ ಕನ್ನಡಕ ಏರಿಸಿಕೊಂಡು ನೋಡಿದರು. "ಹೌದಲ್ಲೋ. ನಾಯಿ ಯಾಕೆ ಒಂದು ಕಾಲು ಎತ್ಕೊಂಡಿದೆ?"

"ಅದೇ! ಅದೇ ಗುಟ್ಟು! ನೆಲದ ಮೇಲೆ ಎಷ್ಟು ಕಾಲಿವೆ, ಎಣಿಸು. ಮೂರು! ಆನಾಲಿ ನಂಬರ್ ಎಷ್ಟು? ಮೂರು!"

"ವರ್ಲಿನ್, ನಾಯಿ ಕಾಲೆತ್ತಿದ್ರೆ ಅದಕ್ಕೆ ಬೇರೆ ಅರ್ಥನೂ ಇರತ್ತೆ."

"ನಾನು ಹುಟ್ಟಿದಾಗಿಂದ ವಾಲಿಬಾಲ್ ನೋಡ್ತಿದೀನಿ."

"ನಾನು ಹುಟ್ಟಿದಾಗಿಂದ ನಾಯಿ ನೋಡ್ತಿದೀನಿ."

ಬೆವ್ ಹೇಳಿದ್ದು ಸರಿ ಎಂದು ಈಗ ಎಲ್ಲರಿಗೂ ಗೊತ್ತು. ಆಗ ಯಾರಿಗೆ ಬೇಕಿತ್ತು? ಮಧ್ಯಾಹ್ನದ ಹೊತ್ತಿಗೆ ಬೆವ್ ಕೂಡ ಮನಸ್ಸು ಬದಲಿಸಿ ಸುರುಳಿಗಳಿಗೆ ಹಳದಿ ಸಕ್ಕರೆ ಹಚ್ಚುತ್ತಿದ್ದರು. ನಿಮ್ಮ ಈಗಿನ ಲಿಬೆರೊ ಪದವಿ ಮುಗಿಸುತ್ತಾಳೆ, ಅವಳ ಹಿಂದಿರುವವಳು ತಂಡ ಬಿಡುವ ಯೋಚನೆಯಲ್ಲಿದ್ದಾಳಂತೆ, ಆದ್ದರಿಂದ ಜಾಗ ಖಾಲಿ ಎಂದು ಪಕ್ಕದ ಊರುಗಳಿಂದಲೂ ಫೋನು ಬಂದವು. ಮಾಂಸದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಅಮ್ಮನಿಗೆ ಈ ಆಟದ ತಲೆಬುಡ ತಿಳಿಯದು. ಅವಳೂ ಸಂಜೆ ಮನೆಗೆ ಬಂದವಳು ಬೂಟು ಬಿಚ್ಚುವ ಮೊದಲೇ ಕೇಳಿದಳು: "ಮೂಗು ಯಾವ ಕಡೆ ಇತ್ತಂತೆ?"

ಹಾಗಾದರೆ ಆನಾಲಿ ಏನು ಹೇಳಿದಳು ಎಂದು ನೀವು ಕೇಳಬಹುದು. ಹೇಳಿದಳು ಮಾನ್ಯರೇ, ಬಾಯಿ ನೋಯುವ ತನಕ ಹೇಳಿದಳು. ಶಾಲೆ ಮುಗಿಸಿ ಬೇಕರಿಗೆ ಬಂದ ಕೂಡಲೇ ಎಲ್ಲರೂ ಎದ್ದು ಚಪ್ಪಾಳೆ ಹೊಡೆದರು.

"ಅಜ್ಜಾ, ನಂಗೆ ಅವರ್ಯಾರೂ ಫೋನೇ ಮಾಡಿಲ್ಲ."

"ಸರಿ ಪುಟ್ಟಿ, ಹಂಗೇ ಹೇಳ್ಬೇಕು ನೀನು," ಎಂದು ಅಜ್ಜ ಕಣ್ಣು ಮಿಟುಕಿಸಿದರು.

"ನಿಜವಾಗ್ಲೂ ಇಲ್ಲ ಅಜ್ಜಾ!"

"ನೋಡಿದ್ರಾ ಎಷ್ಟು ಚೆನ್ನಾಗಿ ಗುಟ್ಟು ಕಾಪಾಡ್ತಾಳೆ! ಇಂಥೋರೇ ಬೇಕು ತಂಡಕ್ಕೆ."

ನೀವೇ ಕಟ್ಟಿದ ವ್ಯವಸ್ಥೆಯ ಚೆಂದ ನೋಡಿ. ಮಾತು ಕೊಟ್ಟವಳು ಸುಮ್ಮನಿರಬೇಕು, ಕೊಡದವಳು ಇಲ್ಲ ಎನ್ನಬೇಕು, ಕೇಳುವವರಿಗೆ ಎರಡೂ ಒಂದೇ. ಇಂಥ ಕಡೆ ಸತ್ಯ ಹೇಳಿ ಪ್ರಯೋಜನವೇನು? ಅವಳು ಇಲ್ಲ ಎಂದಷ್ಟೂ ಊರಿಗೆ ಹುರುಪು ಏರಿತು. ಆ ವಾರ ವರ್ಲಿನ್ ಅಜ್ಜ, ಈ ವಯಸ್ಸಿನಲ್ಲಿ, ಆ ಸೊಟ್ಟ ಏಣಿ ಹತ್ತಿ, ಕಣಜದ ಸುತ್ತ ಹಳದಿ ಬಣ್ಣದಲ್ಲಿ ಬರೆದುಬಿಟ್ಟರು: 'ಆನಾಲಿ, 3, ಪ್ಲಾಟ್ ವ್ಯಾಲಿಯವಳು.' ಅಕ್ಷರಗಳು ಎಷ್ಟು ದೊಡ್ಡವೆಂದರೆ, ಹೆದ್ದಾರಿಯಲ್ಲಿ ಹೋಗುವ ದನದ ಲಾರಿಯವರು ಹಾರ್ನ್ ಬಾರಿಸಿಕೊಂಡು ಹೋಗುತ್ತಾರೆ. ಆನಾಲಿ ಹೋಗಿ ನೋಡಿ ಬಂದಳು. ಕೆಂಪಗಾಗಿದ್ದಳು. ನಿಜ ಹೇಳುತ್ತೇನೆ, ಅವಳಿಗೆ ಒಂದು ದಿನ ತಾನೇ ನಂಬಬೇಕು ಅನ್ನಿಸಿತ್ತು. ಇಲ್ಲಿಯವರೆಗೆ ಎಲ್ಲವೂ ತಮಾಷೆಯೇ.

ಅದೇ ಹೆದ್ದಾರಿಯಲ್ಲಿ ಕನ್ಸಾಸ್‌ನ ಒಂದು ಕಾಲೇಜಿನ ತರಬೇತುದಾರರೂ ಬಂದರು. ನಮ್ಮ ಶಾಲೆಯ ಪಂದ್ಯ ನೋಡಲು, ಆನಾಲಿಗೆ ಜಾಗ ಕೊಡುವ ಮಾತಾಡಲು ಅವರು ಹೊರಟಿದ್ದರು. ಊರಿಗೆ ಇಳಿಯುವ ದಾರಿಯ ಬಳಿ ತಲೆ ಎತ್ತಿ ನೋಡಿದರೆ ಕಣಜ. ಒಳ್ಳೆಯ ಮನುಷ್ಯರು, ಮುಂದಿನ ತಿರುವಿನಲ್ಲೇ ಕಾರು ತಿರುಗಿಸಿಕೊಂಡು ವಾಪಸು ಹೋದರು. ಆನಾಲಿಗೆ ಸಂದೇಶ ಬಂತು: "ಕಣಜ ನೋಡಿದೆ ಕಣಮ್ಮಾ. ಅಭಿನಂದನೆ! ನಿನ್ನ ಖುಷಿಗೆ ನಾವು ಅಡ್ಡ ಬರಲ್ಲ." ಇವಳು ಹಾಗಲ್ಲ ಎಂದು ಉತ್ತರ ಬರೆದಳು. ಅವರು ನಂಬುವ ಹೊತ್ತಿಗೆ ಆ ಜಾಗ ಇನ್ನೊಬ್ಬಳಿಗೆ ಹೋಗಿತ್ತು. ಅಯೋವಾದ ಕಾಲೇಜು ಮಾತು ನಿಲ್ಲಿಸಿತು, ದಕ್ಷಿಣ ಡಕೋಟಾದ್ದೂ ನಿಲ್ಲಿಸಿತು. ಕಣಜದ ಚಿತ್ರ ಎಲ್ಲರಿಗೂ ತಲುಪಿತ್ತು.

ಆಮೇಲೆ ವಯೋಮಿಂಗ್‌ನ ಆರಡಿ ನಾಲ್ಕಿಂಚಿನ ಹುಡುಗಿಯೊಬ್ಬಳು ತಾನೇ ಬಾಯಿ ಬಿಟ್ಟಳು: ಗ್ರೇವಿಯ ವಸ್ತ್ರ ತನಗಾಗಿಯೇ, ತಮ್ಮ ಮನೆಯಲ್ಲೇ ಕಟ್ಟಿದ್ದು, ನೀವು ಹಿಂದಿರುಗುವಾಗ ಪಾಪ ಗ್ರೇವಿಗೆ ಮೂತ್ರ ತಡೆಯಲಾಗದೆ ಯಾವುದೋ ಜೋಳದ ಊರಿನಲ್ಲಿ ಇಳಿಸಬೇಕಾಯಿತಂತೆ, ಚಿತ್ರವೂ ಅಲ್ಲಿಯದೇ ಅಂತೆ. ಅವಳ ಮೇಲೆ ನನಗೆ ಏನೂ ಸಿಟ್ಟಿಲ್ಲ, ಚೆನ್ನಾಗಿ ಆಡಲಿ. ಆದರೆ 'ಯಾವುದೋ ಜೋಳದ ಊರು' ಎಂಬ ಮಾತು ಬೇಕರಿಯಲ್ಲಿ ಓದಿದಾಗ ವರ್ಲಿನ್ ಅಜ್ಜನ ಮುಖ ನೋಡಲಾಗಲಿಲ್ಲ. ಆಗ ಆನಾಲಿ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು.

"ಅಕ್ಕಾ! ನಾಯಿ ಉಚ್ಚೆ ಹೊಯ್ದಿದ್ದಕ್ಕೆ ಊರೆಲ್ಲಾ ನಂಗೆ ಚಪ್ಪಾಳೆ ಹೊಡೀತಲ್ಲೇ!"

ನಗು ಬೇಕರಿಗೆಲ್ಲ ಹತ್ತಿಕೊಂಡಿತು. ಬೆವ್ ಹಿಟ್ಟಿನ ಚೀಲದ ಮೇಲೆ ಕೂತು ಕಣ್ಣೊರೆಸಿಕೊಂಡರು. ಅಜ್ಜ ಮಾತ್ರ ಟೋಪಿ ತೆಗೆದು ಕೈಯಲ್ಲಿ ಹಿಡಿದು, "ಪುಟ್ಟೀ, ನಾಳೆನೇ ಬಿಳಿ ಬಣ್ಣ ಬಳಿದುಬಿಡ್ತೀನಿ," ಎಂದರು.

"ಬೇಡ ಅಜ್ಜಾ. ನೀನು ಮತ್ತೆ ಆ ಏಣಿ ಹತ್ತಬೇಡ. ಬಿದ್ರೆ ನಿನ್ನ ಎತ್ತೋಕೆ ನನ್ನ ಕೈಲಾಗಲ್ಲ."

ತನ್ನ ಕೈಲಿ ಎತ್ತಲಾಗದು ಎಂದು ಅವಳು ಒಪ್ಪಿಕೊಂಡದ್ದು ಅದೊಂದನ್ನೇ.

ಈಗ ಅವಳು ದಿನಾ ಸಂಜೆ ಆ ಕಣಜದ ಹತ್ತಿರ ಹೋಗುತ್ತಾಳೆ. ತಗ್ಗುಬಿದ್ದ ತಗಡಿಗೆ ಚೆಂಡು ಹೊಡೆದರೆ ಅದು ಯಾವ ಕಡೆ ಚಿಮ್ಮುತ್ತದೆ ಎಂದು ದೇವರಿಗೂ ಗೊತ್ತಾಗುವುದಿಲ್ಲ. ಅಲ್ಲೇ ಹಾರಿ ಎತ್ತುತ್ತಾಳೆ, ತನ್ನದೇ ಹೆಸರಿನ ಕೆಳಗೆ, ನಿಮ್ಮ ನಾಯಿ ನಿಂತ ಜಾಗದಲ್ಲೇ. ಖಾಲಿ ಕಣಜ ಢಣ್ ಢಣ್ ಎಂದು ಊರಿಗೆಲ್ಲ ಕೇಳುತ್ತದೆ. ಕೊಯ್ಲು ಶುರುವಾಗಿದೆ, ಅಕ್ಕಪಕ್ಕದ ಕಣಜಗಳೆಲ್ಲ ತುಂಬುತ್ತಿವೆ, ಅಜ್ಜನದು ಇನ್ನೂ ಖಾಲಿ. ಏಕೆಂದು ಬೆವ್ ಕೇಳಿದ್ದಕ್ಕೆ, "ಜೋಳ ತುಂಬಿದ್ರೆ ಸದ್ದು ಬರಲ್ಲ," ಎಂದು ಬೇರೆ ಕಡೆ ನೋಡಿದರು.

ನನ್ನ ಬೇಡಿಕೆ ದೊಡ್ಡದಲ್ಲ. ಜಾಗ ಕೊಡಿ ಎನ್ನುತ್ತಿಲ್ಲ. ಜಾಗ ಬೇಡಿ ತೆಗೆದುಕೊಳ್ಳುವುದು ಅವಳಿಗೂ ಇಷ್ಟವಿಲ್ಲ. ಈ ಪತ್ರ ಬರೆಯುತ್ತಿದ್ದೇನೆ ಎಂದಾಗಲೇ "ಅಕ್ಕಾ, ಮರ್ಯಾದೆ ತೆಗೀತೀಯ," ಎಂದು ದಿಂಬು ಎಸೆದಿದ್ದಾಳೆ. ಗುರುವಾರ ಸಂಜೆ ನಮ್ಮ ಶಾಲೆಯಲ್ಲಿ ಈ ವರ್ಷದ ಕೊನೆಯ ಪಂದ್ಯ. ನಿಮ್ಮ ನಾಯಿ ನಮ್ಮೂರಿಗೆ ಬಂದಿದೆ, ನೀವು ಬಂದಿಲ್ಲ. ಬನ್ನಿ. ಅವಳು ಒಂದು ಚೆಂಡು ಎತ್ತುವುದನ್ನು ಕಣ್ಣಾರೆ ನೋಡಿ. ಬೇಡ ಅನ್ನಿಸಿದರೆ ಅಲ್ಲೇ ಎಲ್ಲರ ಮುಂದೆ ಹೇಳಿಬಿಡಿ: ಇವಳು ನಮಗೆ ಮಾತು ಕೊಟ್ಟವಳಲ್ಲ, ಉಳಿದ ಕಾಲೇಜಿನವರು ಧಾರಾಳವಾಗಿ ಬರಬಹುದು. ಅಷ್ಟು ಹೇಳಲು ಯಾವ ನಿಯಮ ಅಡ್ಡಿ ಬಂದರೂ ನಿಮ್ಮ ನಾಯಿ ಮಾಡಿದ್ದಕ್ಕೆ ಪರಿಹಾರವೆಂದು ಸಹಿಸಿಕೊಳ್ಳಿ. ಮರುದಿನ ನಾನೇ ಏಣಿ ಹತ್ತಿ ಬಿಳಿ ಬಣ್ಣ ಬಳಿಯುತ್ತೇನೆ. ಬೇಕು ಅನ್ನಿಸಿದರೆ ಏನೂ ಹೇಳಬೇಡಿ. ಅವಳ ಹತ್ತಿರ ಮಾತಾಡಿ, ಅವಳು ಹೂಂ ಅಂದ ಮೇಲೆ ಗ್ರೇವಿಯನ್ನು ಕಣಜದ ಹತ್ತಿರ ಕರೆದುಕೊಂಡು ಹೋಗಿ, ಹಳದಿ ವಸ್ತ್ರ ಕಟ್ಟಿ, ಅವನಿಗೆ ಬೇಕಾದ ಕಾಲು ಎತ್ತಲಿ ಬಿಡಿ. ನಾವು ಅರ್ಥ ಮಾಡಿಕೊಳ್ಳುತ್ತೇವೆ. ಆ ಕೆಲಸದಲ್ಲಿ ನಮ್ಮೂರಿನ ಸಾಮರ್ಥ್ಯ ನಿಮಗೆ ಈಗ ತಿಳಿದಿದೆ.

ದಾರಿ ಕೇಳಬೇಕಾಗಿಲ್ಲ. ಹೆದ್ದಾರಿಯಿಂದ ಇಳಿದ ಕೂಡಲೇ ಕಾರಿನ ಗಾಜು ಇಳಿಸಿ. ಢಣ್ ಎಂಬ ಸದ್ದು ಬರುವ ಕಡೆ ತಿರುಗಿ. ಕಣಜದ ಬುಡದಲ್ಲಿ ಒಂದು ತಟ್ಟೆ ನೀರು ಇರುತ್ತದೆ. ವರ್ಲಿನ್ ಅಜ್ಜ ದಿನಾ ಬೆಳಿಗ್ಗೆ ಬದಲಿಸುತ್ತಾರೆ. ಅದು ಗ್ರೇವಿಗೆ.

ಇಂತಿ,
ನಾಯಿಯನ್ನು ಎಂದೋ ಕ್ಷಮಿಸಿ, ಅದರ ಯಜಮಾನರಿಗಾಗಿ ಕಾದಿರುವ
ಯಾವುದೋ ಜೋಳದ ಊರಿನ
ಮೂರನೇ ನಂಬರಿನವಳ ಅಕ್ಕ,
ಯುಲಾಲಿಯಾ ಪಾಸ್ಕುವಾಲ್